ಮಾವನವರ ಕಾರಿನ ಪ್ರೆಶರ್ರು

ಮಾವನವರ ಕಾರಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪವೊಂದಿತ್ತು. ಅದು ಹತ್ತಿದರೆ ಆರುತ್ತಲೇ ಇರಲಿಲ್ಲ. "ಎಂಜಿನ್ನಿಗೆ ಆಯಿಲ್ ಪ್ರೆಶರ್ ಇಲ್ಲ, ಓಡಿಸಿದ್ರೆ ಸುಟ್ಟುಹೋಗುತ್ತೆ" ಎಂದು ಮಾವ ಕಾರನ್ನು ಶೆಡ್ಡಿನಲ್ಲಿ ಮಲಗಿಸಿ ಎಷ್ಟೋ ತಿಂಗಳಾಗಿತ್ತು.

ಅಂದು ಮಾವ ಪರವೂರಿಗೆ ಹೋಗಿದ್ದರು. ಅತ್ತೆ, ದರ್ಜಿ ಕೆಲಸದ ಅಳಿಯನನ್ನು ಕರೆಸಿ ಕಾರಿನ ಕೀಲಿಕೈ ಕೊಟ್ಟರು. "ಅಳಿಯಂದ್ರೇ, ಅವರು ಸಂಜೆ ಬರೋಷ್ಟರಲ್ಲಿ ಇದನ್ನ ರಿಪೇರಿ ಮಾಡಿಸಿಬಿಡಿ. ಖುಷಿಪಡ್ತಾರೆ." ಅತ್ತೆಯ ಮಾತಿಗೆ ಇಲ್ಲವೆನ್ನುವ ಧೈರ್ಯ ಆ ಬಡಪಾಯಿಗೆ ಎಲ್ಲಿಂದ ಬರಬೇಕು?

ಬಾನೆಟ್ ಎತ್ತಿದ್ದೇ ತಡ, ಪುಕ್ಕಟೆ ಸೀರೆ ಹಂಚುತ್ತಿದ್ದಾರೇನೋ ಎಂಬಂತೆ ಬೀದಿಯೇ ನೆರೆಯಿತು.

"ಆಯಿಲ್ ಕಮ್ಮಿಯಾಗಿದೆ, ಅಷ್ಟೇ" ಎಂದರು ಎದುರುಮನೆಯ ನಿವೃತ್ತ ಬಸ್ ಡ್ರೈವರು.

ಅಳಿಯ ಅಳತೆಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ. ಎಣ್ಣೆ ಮೇಲಿನ ಗೆರೆ ಮುಟ್ಟಿತ್ತು. "ಸರಿಯಾಗೇ ಇದೆಯಲ್ಲಾ?"

"ಕಡ್ಡಿ ಸುಳ್ಳು ಹೇಳುತ್ತೆ ಕಣಯ್ಯಾ, ದೀಪ ಹೇಳುತ್ತಾ? ಸುರಿ!"

ಸುರಿದ. ದೀಪ ಇನ್ನಷ್ಟು ಕೆಂಪಗೆ ಕಂಡಿತು. "ಜಾಸ್ತಿಯಾದ್ರೂ ಕೆಡುತ್ತೆ ರೀ" ಎನ್ನುತ್ತ ಪಕ್ಕದ ಮನೆಯ ಹಾಲಿನವನು ಕಾರಿನಡಿ ನುಗ್ಗಿ ಯಾವುದೋ ಬೋಲ್ಟು ತಿರುಗಿಸಿದ. ಎಣ್ಣೆಯೆಲ್ಲ ಬಳಬಳನೆ ಸುರಿದು, ಬಕೆಟ್ ಹಿಡಿದು ಕೂತಿದ್ದ ಅಳಿಯನ ಬಿಳಿ ಪ್ಯಾಂಟಿನ ಪಾಲಾಯಿತು.

"ಅಯ್ಯೋ, ನಿಮ್ಮ ಉಪಕಾರ ಸಾಕು, ಬಿಡ್ರಪ್ಪಾ!" ಎಂದು ಅಳಿಯ ತಲೆ ಚಚ್ಚಿಕೊಂಡ.

ಕೊನೆಗೆ ಬಂದ ಮೆಕ್ಯಾನಿಕ್ ಸಿಡುಕು ಮೂತಿಯವನು. ಹೊಸ ಎಣ್ಣೆ ಹಾಕುತ್ತ ರೇಗಿದ. "ಎಣ್ಣೆ ಇರೋದು ಬೇರೆ, ಅದು ಒತ್ತಡದಿಂದ ಮೇಲೇರೋದು ಬೇರೆ. ತೊಟ್ಟಿ ತುಂಬಿದ ಮಾತ್ರಕ್ಕೆ ನಲ್ಲೀಲಿ ನೀರು ಬರುತ್ತಾ?" ದೀಪದ ಸ್ವಿಚ್ಚು ಬಿಚ್ಚಿ, ಆ ಜಾಗಕ್ಕೆ ಒತ್ತಡ ಅಳೆಯುವ ಮುಳ್ಳಿನ ಮೀಟರು ತಿರುಗಿಸಿ, ಎಂಜಿನ್ ಶುರು ಮಾಡಿಸಿದ. ಎಲ್ಲರೂ ಕತ್ತು ಚಾಚಿದರು. ಮುಳ್ಳು ಸರ್ರನೆ ಏರಿ ನಿಂತಿತು.

"ಪ್ರೆಶರ್ ಭರ್ಜರಿಯಾಗಿದೆ!" ಎಂದವನೇ ಬಗ್ಗಿ ನೋಡಿ ಹುಬ್ಬೇರಿಸಿದ. "ದೀಪದ ತಂತೀನ ಯಾರೋ ಸುಲಿದು ಎಂಜಿನ್ ಮೈಗೇ ಕಟ್ಟಿದಾರೆ. ಇನ್ನು ದೀಪ ಆರೋದು ಹೇಗೆ?" ಎಂಜಿನ್ ನಿಲ್ಲಿಸಿ, ಮೀಟರಿನ ಜಾಗಕ್ಕೆ ಸ್ವಿಚ್ಚನ್ನು ಮತ್ತೆ ಕೂರಿಸಿ, ತಂತಿ ಬಿಡಿಸಿ ಅದಕ್ಕೆ ಸಿಕ್ಕಿಸಿದ. ಎಂಜಿನ್ ಮತ್ತೆ ಶುರುವಾದೊಡನೆ ದೀಪ ತಣ್ಣಗೆ ಆರಿತು.

ಸಂಜೆ ಮಾವ ಬಂದೊಡನೆ ಅಳಿಯ ಬೀಗುತ್ತ ಕಾರು ಶುರು ಮಾಡಿ ತೋರಿಸಿದ. ಮಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಳಿಯನ ರಟ್ಟೆ ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದೊಯ್ದರು.

"ಆ ತಂತಿ ಕಟ್ಟಿದ್ದು ನಾನೇ ಕಣ್ರೀ! ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗೋಣ ಅಂತ ನಿಮ್ಮತ್ತೆ ಪ್ರಾಣ ತಿಂತಿದ್ಳು. ಅಲ್ಲಿ ನಮ್ಮ ಷಡ್ಡಕ ಹಾರ್ಮೋನಿಯಂ ಹಿಡಿದು ಕೂತ್ರೆ ಕತ್ತಲಾಗೋವರೆಗೂ ಬಿಡೋಲ್ಲ. ನೆಮ್ಮದಿಯಾಗಿದ್ದೆನಲ್ರೀ!"

ಅಷ್ಟರಲ್ಲಿ ಅತ್ತೆ ಬಂದರು. "ರೀ, ಈ ಭಾನುವಾರ ಅಕ್ಕನ ಮನೆಗೆ ಹೋಗೋಣ್ವಾ?"

ಮಾವ ಒಂದು ಗಳಿಗೆ ಯೋಚಿಸಿದರು. ಮುಖ ಅರಳಿತು.

"ಖಂಡಿತ ಹೋಗಿ ಬಾ. ಆದ್ರೆ ಕಾರಿನ ಮರ್ಮ ಅಳಿಯಂದಿರಿಗೇ ಗೊತ್ತು. ನಾನು ಮುಟ್ಟಿ ಮತ್ತೆ ಕೆಟ್ರೆ? ಇನ್ಮೇಲೆ ಪ್ರತಿ ವಾರ ಅವರೇ ಕರ್ಕೊಂಡು ಹೋಗ್ತಾರೆ."

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನು ಕಿವಿಗಿಟ್ಟಾಗಿತ್ತು.

"ಅಕ್ಕಾ, ಭಾವನಿಗೆ ಹೇಳು, ಹಾಡು ಕೇಳೋಕೆ ಹೊಸಬರು ಬರ್ತಿದಾರೆ!"