ಎರಡು ಸೆಲ್ಲುಗಳನ್ನು ಕ್ಯಾಮೆರಾದ ಹೊಟ್ಟೆಯಲ್ಲೇ ಬಿಡುವ ಕುರಿತು

ಇಂದ:
ಸುಭದ್ರಮ್ಮ, ಗಂಡ ದಿವಂಗತ ಚಂದ್ರಾಮಪ್ಪ,
ಹೌಸ್‌ಕೀಪಿಂಗ್ ವಿಭಾಗ.
ವಾಸ: ರೈಲು ಹಳಿಯ ಬದಿಯ ಬಾಡಿಗೆ ಕೋಣೆ, ಬೈಯಪ್ಪನಹಳ್ಳಿ.
(ಅರ್ಜಿದಾರರಿಗೆ ಓದುಬರಹ ಬಾರದ ಕಾರಣ, ಅವರು ಹೇಳಿದ್ದನ್ನು ಬರೆದುಕೊಟ್ಟವನು ಇದೇ ಕಾರ್ಖಾನೆಯ ಸ್ಟೋರ್ ಕೀಪರ್ ಇನಾಯತ್ ಉಲ್ಲಾ.)

ಗೆ:
ಶ್ರೀ ಮುನಿಕೃಷ್ಣಪ್ಪನವರು,
ಆಡಳಿತ ವ್ಯವಸ್ಥಾಪಕರು,
ರಟ್ಟಿನ ಪೆಟ್ಟಿಗೆ ಕಾರ್ಖಾನೆ, ಗರುಡಾಚಾರ್‌ಪಾಳ್ಯ.

ದಿನಾಂಕ: ಗೇಟಿನ ಕ್ಯಾಮೆರಾದ ಪ್ರಕಾರ 01-01-2010. ಸ್ಟೋರ್ ರೂಮಿನ ಕ್ಯಾಲೆಂಡರಿನ ಪ್ರಕಾರ ಬುಧವಾರ, ಮತ್ತು ಅದಾಗಿ ಹದಿನೈದು ವರ್ಷಕ್ಕೂ ಮೇಲೆ.

ವಿಷಯ: ಹಾಜರಾತಿ ಕ್ಯಾಮೆರಾದ ಸೆಲ್ಲುಗಳನ್ನು ದಿನವೂ ಹೊರತೆಗೆಯದೆ ಒಳಗೇ ಬಿಟ್ಟು, ತನ್ಮೂಲಕ ಅರ್ಜಿದಾರರನ್ನು ಈ ವರ್ಷಕ್ಕೆ ಕರೆತಂದು, ಮೂರು ದಿನಗಳ ರಜೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
1. "ಫೋಟೋ ಆದ ಕೂಡಲೇ ಸೆಲ್ ತೆಗೆದು ಬೇರೆ ಬೀರುವಿನಲ್ಲಿ ಇಡತಕ್ಕದ್ದು" ಎಂಬ ತಮ್ಮ ಸುತ್ತೋಲೆ.
2. "ಕ್ಯಾಮೆರಾದ ದಿನಾಂಕವನ್ನು ಯಾರೂ ಕೈಯಿಂದ ಮುಟ್ಟಕೂಡದು, ಮುಟ್ಟಿದರೆ ದಾಖಲೆ ತಿದ್ದಿದಂತೆ" ಎಂಬ ತಮ್ಮ ಇನ್ನೊಂದು ಸುತ್ತೋಲೆ.
3. ಇವೆರಡನ್ನೂ ಯಾರೂ ಒಟ್ಟಿಗೆ ಓದದೇ ಇರುವುದು.

ಮಾನ್ಯರೇ,

1. ಅರ್ಜಿದಾರರು ಸದರಿ ಕಾರ್ಖಾನೆಯ ನೆಲ ಒರೆಸಲು ತೊಡಗಿ ಏಳು ವರ್ಷಗಳಾದವು. ಫಿನಾಯಿಲ್ ನೀರಿನಲ್ಲಿ ಬೆರಳಿನ ಗೆರೆಗಳು ಸವೆದುಹೋದ ಕಾರಣ, ಹೆಬ್ಬೆಟ್ಟಿನ ಯಂತ್ರವು ಅವರನ್ನೂ ಅವರ ಜೊತೆಯ ಎಂಟು ಹೆಂಗಸರನ್ನೂ ಗುರುತಿಸಲು ನಿರಾಕರಿಸಿತು. ಮೊಬೈಲ್ ಫೋನುಗಳಿಗೆ ಪೆಟ್ಟಿಗೆ ಮಾಡುವುದೇ ಇಲ್ಲಿಯ ಕಸುಬಾದರೂ ಮೊಬೈಲ್ ಗೇಟಿನೊಳಗೆ ಬರಕೂಡದಾದ್ದರಿಂದ, ತಾವು ಹಳೆಯದೊಂದು ಡಿಜಿಟಲ್ ಕ್ಯಾಮೆರಾ ತರಿಸಿದಿರಿ. ಪ್ರತಿ ಬೆಳಿಗ್ಗೆ ಒಂಬತ್ತೂ ಜನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಕಾವಲುಗಾರ ಫೋಟೋ ತೆಗೆಯುತ್ತಾನೆ, ಮೂಲೆಯಲ್ಲಿ ಬೀಳುವ ಕಿತ್ತಳೆ ಬಣ್ಣದ ದಿನಾಂಕವೇ ಹಾಜರಾತಿ. ಸಂಬಳವನ್ನು ಗೇಟಿನ ಪುಸ್ತಕ ನೋಡಿ ಕೊಡಲಾಗುತ್ತದೆ, ರಜೆಯನ್ನು ಮಾತ್ರ ಫೋಟೋ ನೋಡಿ. ದುಡಿಯಲು ಬಂದದ್ದನ್ನು ನಂಬುವುದಕ್ಕೂ ಊರಿಗೆ ಹೋಗಲು ಬಿಡುವುದಕ್ಕೂ ಒಂದೇ ಪುಸ್ತಕ ಸಾಲದೆಂದು ತಾವು ಕಂಡುಕೊಂಡಿರುವುದು ಯೋಗ್ಯವೇ ಆಗಿದೆ.

2. ಮೊದಲು ಸೆಲ್ಲುಗಳು ಕ್ಯಾಮೆರಾದೊಳಗೇ ಇರುತ್ತಿದ್ದವು. ದೀಪಾವಳಿಗೆ ಕಾರ್ಖಾನೆ ಹತ್ತು ದಿನ ಮುಚ್ಚಿ ತೆರೆದಾಗ ಹಳೆಯ ಸೆಲ್ಲುಗಳು ಸೋರಿ, ಒಳಗೆಲ್ಲ ಬಿಳಿ ಹಸಿರು ಹಕ್ಕಳೆ ಕಟ್ಟಿತ್ತು. ಶಿವಾಜಿನಗರದಲ್ಲಿ ತಂದೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಳೆದ ಇನಾಯತ್ ಉಲ್ಲಾ ಕಡ್ಡಿಗೆ ಹತ್ತಿ ಸುತ್ತಿ, ವಿನಿಗರ್ ಹಚ್ಚಿ, ಒಂದು ಮಧ್ಯಾಹ್ನವೆಲ್ಲ ತಿಕ್ಕಿ ಅದನ್ನು ಬದುಕಿಸಿದನು. ದಿನಾಂಕ ನೆನಪಿಡುವ ಒಳಗಿನ ಪುಟ್ಟ ಸೆಲ್ ಮಾತ್ರ ಬದುಕಲಿಲ್ಲ. ಅಂದಿನಿಂದ ದೊಡ್ಡ ಸೆಲ್ಲುಗಳನ್ನು ತೆಗೆದೊಡನೆ ಕ್ಯಾಮೆರಾ ತಾನು ಹುಟ್ಟಿದ ದಿನಕ್ಕೆ, ಅಂದರೆ 01-01-2010ಕ್ಕೆ, ಮರಳುತ್ತದೆ. ಆ ವಾರವೇ ತಮ್ಮ ಮೊದಲನೆಯ ಸುತ್ತೋಲೆ ಹೊರಟಿತು. ಕಾವಲುಗಾರ ಮರುದಿನ ದಿನಾಂಕ ಸರಿಪಡಿಸಿದ ಕಾರಣ ಎರಡನೆಯದು ಹೊರಟಿತು.

3. ಅರ್ಜಿದಾರರ ಗಂಡ ಚಂದ್ರಾಮಪ್ಪನವರು ಕಳೆದ ವರ್ಷ ಚಿತ್ತಾಪುರದ ಕಡೆಯ ತಮ್ಮ ಊರಿನಲ್ಲಿ ತೀರಿಕೊಂಡರು. ಸುದ್ದಿ ಗೇಟಿಗೆ ಬಂದಾಗ ಗೇಟ್ ಪಾಸ್‌ಗೆ ಸಹಿ ಹಾಕಬೇಕಾದ ತಾವು ಊಟಕ್ಕೆ ಹೋಗಿದ್ದಿರಿ. ಆ ಕಾರಣ ರೈಲು ತಪ್ಪಿತು, ಅರ್ಜಿದಾರರು ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಮುಖ ನೋಡಲಾಗಲಿಲ್ಲ. ಬರುವ ಸೋಮವಾರ ವರ್ಷದ ಪುಣ್ಯತಿಥಿ. ಅವರ ಜೊತೆ ತತ್ವಪದ ಹಾಡುತ್ತಿದ್ದ ನಾಲ್ಕು ಜನ ಹಿರಿಯರು ಸಮಾಧಿಯ ಬಳಿ ಕೂತು ಹಾಡುವವರಿದ್ದಾರೆ. ಅದಕ್ಕಾದರೂ ಮುಟ್ಟಬೇಕೆಂಬುದು ಅರ್ಜಿದಾರರ ಆಸೆ. ರಜೆಯಿಲ್ಲದೆ ಹೋದರೆ ಕೆಲಸ ಹೋಗುತ್ತದೆಂದು ತಾವೇ ತಿಳಿಸಿದ್ದೀರಿ.

4. ಮೂರು ದಿನ ಒಟ್ಟಿಗೆ ರಜೆ ಬೇಕಾದರೆ ಹಿಂದಿನ ಆರು ತಿಂಗಳಲ್ಲಿ ನೂರಿಪ್ಪತ್ತು ದಿನಗಳ ಹಾಜರಾತಿ ಇರತಕ್ಕದ್ದು. ಅರ್ಜಿದಾರರ ಫೋಟೋಗಳು ನೂರ ನಲವತ್ಮೂರು. ಎಲ್ಲದರಲ್ಲೂ ದಿನ ಮಾತ್ರ ಒಂದೇ. ನಿನ್ನೆ ತಮ್ಮ ಕೋಣೆಯಲ್ಲಿ ನಡೆದ ಮಾತುಕತೆಯನ್ನು ದಾಖಲೆಗಾಗಿ ಇಲ್ಲಿ ಬರೆಯಲಾಗಿದೆ:

"ಏನಮ್ಮ ಸುಭದ್ರಮ್ಮ, ಒಂದೇ ದಿನ ಕೆಲಸಕ್ಕೆ ಬಂದು ಮೂರು ದಿನ ರಜೆ ಕೇಳ್ತೀಯಲ್ಲ."

"ದಿನಾ ಬರ್ತೀನಲ್ರಿ ಸಾಹೇಬ್ರ. ನಿಮ್ಮ ಟೇಬಲ್ ಒರೆಸಾಕಿ ನಾನೇ ಅಲ್ಲೇನ್ರಿ?"

"ಒರೆಸ್ತೀಯ, ನಂಗೊತ್ತು. ಫೋಟೋಗೆ ಗೊತ್ತಿಲ್ವಲ್ಲ."

"ಹಂಗಾದ್ರ ನಾ ಈಗೂ ಎರಡ್ ಸಾವಿರದ ಹತ್ತರಾಗೇ ಅದೀನೇನ್ರಿ?"

"ದಾಖಲೆ ಪ್ರಕಾರ ಹೌದಮ್ಮ. ನಾನೇನ್ ಮಾಡ್ಲಿ ಹೇಳು."

ಆಗ ಅರ್ಜಿದಾರರು ತಮ್ಮ ಟೇಬಲ್ ಮೇಲಿನ ಚಹಾದ ಕಲೆ ಒರೆಸಿ ಹೊರಬಂದರು.

5. ಅಲ್ಲಿಂದ ನೇರ ಸ್ಟೋರ್ ರೂಮಿಗೆ ಬಂದ ಅರ್ಜಿದಾರರು ಬಾಗಿಲಲ್ಲಿ ನಿಂತು ಕೇಳಿದರು: "ಇನಾಯತಣ್ಣ, ಆ ಸೆಲ್ ಒಳಗ ಬಿಟ್ರ ನಿಮ್ಮಪ್ಪನ ಗಂಟೇನ್ ಹೋಗ್ತದ?"

"ಸೋರಿದ್ರೆ ನನ್ ತಲೆ ಮೇಲೆ ಬರುತ್ತಮ್ಮ."

"ದಿನಾ ಉಣ್ಣೂ ತಾಟು ಯಾರರ ಅಟ್ಟದ ಮ್ಯಾಲ ಇಡ್ತಾರೇನು? ದಿನಾ ದುಡಿಯೂ ಸೆಲ್ ಯಾಕ್ ಸೋರತದ? ಸುಮ್ನ ಕುಂತಿದ್ದು ಸೋರತದ."

ಇನಾಯತ್ ಉಲ್ಲಾನ ತಂದೆಯೂ ಅಂಗಡಿಯಲ್ಲಿ ಇದನ್ನೇ ಹೇಳುತ್ತಿದ್ದರು: ದಿನವೂ ಬಳಸುವುದರಲ್ಲಿ ಸೆಲ್ ಇರಲಿ, ಮುಗಿದೊಡನೆ ಬದಲಿಸು, ದಿನಗಟ್ಟಲೆ ಮುಟ್ಟದಿದ್ದರೆ ಮಾತ್ರ ತೆಗೆದಿಡು. ಗೊತ್ತಿದ್ದೂ ಸದರಿಯವನು ಏಳು ತಿಂಗಳಿಂದ ದಿನಾ ಸೆಲ್ ತೆಗೆದದ್ದು ತಂದೆಯ ಮಾತಿಗಿಂತ ಸುತ್ತೋಲೆಗೆ ಹೆಚ್ಚು ಹೆದರಿದ ಕಾರಣದಿಂದ. ಇದನ್ನು ಅವನೇ ತನ್ನ ಕೈಯಾರೆ ಬರೆದು ಒಪ್ಪಿಕೊಂಡಿದ್ದಾನೆ.

ಅಷ್ಟರಲ್ಲಿ ಅರ್ಜಿದಾರರು ಪ್ರಿಂಟ್ ಮಾಡಿಟ್ಟ ಫೋಟೋ ಒಂದನ್ನು ಎತ್ತಿಕೊಂಡು, ಆ ದಿನಾಂಕದ ಮೇಲೆ ಬೆರಳಿಟ್ಟರು.

"ಹತ್ತನೇ ಇಸ್ವಿ ಅಂದ್ರ ನಾವ್ ಈ ಊರಿಗಿ ಬಂದ ಮರುವರ್ಷ. ನಮ್ಮವರು ಮೆಟ್ರೋ ಕಂಬಕ್ಕ ಸರಳು ಕಟ್ಟತಿದ್ರು. ಸಂಜಿ ಆರಕ್ಕ ಬಂದು, ಮೈ ತೊಳಕೊಂಡು, ಏಕತಾರಿ ಹಿಡದು ಕುಂತ್ರಂದ್ರ, ನನ್ನ ರೊಟ್ಟಿ ಬಡಿಯೂ ಸಪ್ಪಳಾನೇ ತಾಳ ಅವರಿಗಿ." ಫೋಟೋ ಮಡಚದೆ ಹಾಗೇ ಕೆಳಗಿಟ್ಟರು. "ಛಲೋ ದಿನಕ್ಕೇ ಕರಕೊಂಡ್ ಹೋಗ್ಯಾದ ನೋಡಣ್ಣ, ನಿಮ್ಮ ಕ್ಯಾಮೆರಾ."

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಶೀಲಿಸಿ:

(ಅ) ಕೆಲಸದ ದಿನಗಳಲ್ಲಿ ಸೆಲ್ಲುಗಳು ಕ್ಯಾಮೆರಾದಲ್ಲೇ ಇರಲೆಂದೂ, ದೀರ್ಘ ರಜೆಯಲ್ಲಿ ಮಾತ್ರ ತೆಗೆಯಬೇಕೆಂದೂ ಆದೇಶಿಸಬೇಕು.

(ಆ) ದಿನಾಂಕವನ್ನು ಒಮ್ಮೆ ಸರಿಪಡಿಸಲು ಯಾರಾದರೊಬ್ಬರ ಬೆರಳಿಗೆ ಲಿಖಿತ ಅನುಮತಿ ನೀಡಬೇಕು. ಗೆರೆಯಿರುವ ಬೆರಳೇ ಆಗಬೇಕೆಂದರೆ ಸ್ಟೋರ್ ಕೀಪರನದು ಲಭ್ಯವಿದೆ.

(ಇ) ನೂರ ನಲವತ್ಮೂರು ಫೋಟೋಗಳನ್ನು ನೂರ ನಲವತ್ಮೂರು ದಿನಗಳೆಂದು ಪರಿಗಣಿಸಿ, ಭಾನುವಾರದಿಂದ ಮೂರು ದಿನ ರಜೆ ಕೊಡಬೇಕು.

ಉತ್ತರಕ್ಕೆ ಕಾದು ನೆಲ ಒರೆಸುತ್ತಿರುವ ತಮ್ಮ ವಿಶ್ವಾಸಿ,
ಸುಭದ್ರಮ್ಮ
(ಹೆಬ್ಬೆಟ್ಟಿನ ಗುರುತು, ಗೆರೆಗಳು ಮೂಡಿಲ್ಲ, ಶಾಯಿ ಮಾತ್ರ ಮೂಡಿದೆ)

ಲಗತ್ತುಗಳು:
1. ಒಂದೇ ದಿನದ ಫೋಟೋಗಳು ಮೂರು. ಒಂದರಲ್ಲಿ ಮಳೆಗೆ ಕೊಡೆಗಳಿವೆ, ಒಂದರಲ್ಲಿ ಯುಗಾದಿಯ ಹೂವಿದೆ, ಒಂದರಲ್ಲಿ ಸ್ವೆಟರುಗಳಿವೆ.
2. ಚಂದ್ರಾಮಪ್ಪನವರ ಮರಣ ಪತ್ರದ ನಕಲು.
3. ಸೆಲ್ಲುಗಳು ಎರಡು, ಕಾಗದದಲ್ಲಿ ಸುತ್ತಿದ್ದು. ಬೀರುವಿನಲ್ಲಿಯೂ ಇಲ್ಲ, ಕ್ಯಾಮೆರಾದಲ್ಲಿಯೂ ಇಲ್ಲ, ಈಗ ತಮ್ಮ ಕೈಯಲ್ಲಿವೆ.

ವಿಶೇಷ ವಿನಂತಿ: ಒಂದು ವೇಳೆ ಕ್ಯಾಮೆರಾದ ದಿನಾಂಕವೇ ಸರಿಯೆಂದು ಕಚೇರಿ ತೀರ್ಮಾನಿಸಿದಲ್ಲಿ, ಲಗತ್ತು 2 ಅನ್ನು ರದ್ದೆಂದು ಭಾವಿಸಿ ಹಿಂತಿರುಗಿಸಬೇಕು, ಅರ್ಜಿದಾರರಿಗೆ ರಜೆ ಬೇಡ. ಸಂಜೆ ಆರಕ್ಕೆ ಚಂದ್ರಾಮಪ್ಪನವರು ಕೋಣೆಗೆ ಬರುತ್ತಾರೆ, ಅಷ್ಟರೊಳಗೆ ಹಿಟ್ಟು ನಾದಬೇಕು. ಕಾರಣ, ಐದಕ್ಕೆ ಹೊರಡಲು ಗೇಟ್ ಪಾಸ್‌ಗೆ ತಾವು ಊಟಕ್ಕೆ ಹೋಗುವ ಮುಂಚೆಯೇ ಸಹಿ ಹಾಕಿಡಬೇಕಾಗಿ ಕೋರಿಕೆ.