ಐವತ್ತೆರಡರಲ್ಲಿ ಬಿಳಿ ಬೆಲ್ಟು

ಅರ್ಧ ನಿದ್ದೆಯನ್ನು ಹಾಸಿಗೆಯಲ್ಲಿ ಬಿಟ್ಟು, ಇನ್ನರ್ಧವನ್ನು ಕಣ್ಣಲ್ಲಿ ಇಟ್ಟುಕೊಂಡು ಬೆಳಗಿನ ಐದೂವರೆಗೆ ಕರಾಟೆ ಕಲಿಯಲು ಹೋಗುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಕನಸು ಯಾವುದು, ಕ್ಲಾಸು ಯಾವುದು ಎಂದು ಎಷ್ಟೋ ಸಲ ತಿಳಿದಿಲ್ಲ.

ನಾನು ಇಚಲಕರಂಜಿಯ ಶೆಡ್ಡೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಪವರ್‌ಲೂಮ್ ನಡೆಸುವವನು. ಮೈಯಲ್ಲಿ ಸಕ್ಕರೆ ಏರಿದಾಗ ಡಾಕ್ಟರು, “ದಿನಾ ಓಡೋದು ಮಗ್ಗ, ನೀವಲ್ಲ. ಇನ್ನ ನೀವೂ ಸ್ವಲ್ಪ ಮೈ ಅಲುಗಾಡಸ್ರಿ” ಎಂದರು. ನಮ್ಮ ಓಣಿಯ ಮಂಗಲ ಕಾರ್ಯಾಲಯದ ಮಾಳಿಗೆ ಮೇಲೆ ಕರಾಟೆ ಕ್ಲಾಸು ನಡೆಯುತ್ತಿತ್ತು. ಸೇರಿಬಿಟ್ಟೆ. ಕಲಿಸುವ ಮೇಡಂಗೆ ನನ್ನ ಮಗಳ ವಯಸ್ಸು. ಅವರು ನನ್ನನ್ನು ಕಾಕಾ ಅನ್ನುತ್ತಾರೆ, ನಾನು ಅವರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತೇನೆ.

೧. ನಿಂತ ಕೈ

ಮೊದಲ ವಾರ ಬರೀ ಗುದ್ದು. ಎಡಗೈ, ಬಲಗೈ, ಮತ್ತೆ ಎಡಗೈ. ಮೇಡಂ ಜಪಾನಿ ಭಾಷೆಯಲ್ಲಿ ಎಣಿಸುತ್ತಿದ್ದರು. ನನಗೆ ಆ ಎಣಿಕೆ ಕಿವಿಗೇ ಬೀಳಲಿಲ್ಲ. ಪಕ್ಕದ ಶೆಡ್ಡಿನ ಮಗ್ಗಗಳು ಖಟಕ್ ಪಟಕ್ ಎನ್ನುತ್ತಿದ್ದವು. ಇನ್ನೂ ಬೆಳಕು ಹರಿದಿರಲಿಲ್ಲ, ಕಣ್ಣು ಮುಚ್ಚಿತ್ತು, ನನ್ನ ಕೈ ಲಾಳಿಯ ಹಾಗೆ ತಾನೇ ಹೋಗಿ ತಾನೇ ಬರುತ್ತಿತ್ತು. ಇಷ್ಟು ಚೆಂದದ ಲಯ ಮೇಡಂ ಎಲ್ಲೂ ನೋಡಿರಲಿಲ್ಲವಂತೆ.

ಇದ್ದಕ್ಕಿದ್ದಂತೆ ನಾನು ನಿಂತುಬಿಟ್ಟೆ, ಗಾಳಿಯಲ್ಲಿ ಚಾಚಿದ ಕೈ ಹಾಗೇ ಇದೆ. ಎಲ್ಲರೂ ಹೊಡೆಯುತ್ತಿದ್ದಾರೆ, ನಾನು ಗೊಂಬೆ. ಮೇಡಂ ಗಾಬರಿಯಾಗಿ ಓಡಿಬಂದರು.

“ಕಾಕಾ, ಏನಾತ್ರಿ? ಎದಿ ನೋವೇನು?”

“ಇಲ್ರೀ ಮೇಡಂ. ಕರೆಂಟ್ ಹೋತಲ್ರೀ.”

೨. ಹಗುರ ನಾಷ್ಟಾ

“ಖಾಲಿ ಹೊಟ್ಟೀಲೆ ಬರಬ್ಯಾಡ್ರಿ, ಚಕ್ಕರ್ ಬರತೈತಿ. ಅರ್ಧ ತಾಸು ಮೊದಲ ಹಗರ ಏನರ ತಿನ್ರಿ” ಎಂದು ಮೇಡಂ ಹೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಅರ್ಧ ಬಾಳೆಹಣ್ಣು. ನಾನು ಮನೆಗೆ ಬಂದು ಹೆಂಡತಿಗೆ “ಹಗರ” ಎಂದಷ್ಟೇ ಹೇಳಿದೆ.

ಮರುದಿನ ಐದು ಗಂಟೆಗೆ ತಾಟಿನಲ್ಲಿ ನಾಲ್ಕು ಜೋಳದ ರೊಟ್ಟಿ, ಝುಣಕ, ಮೇಲೆ ಬೆಣ್ಣೆ.

“ಇದು ಹಗರ ಏನ?”

ಅವಳು ಒಂದು ರೊಟ್ಟಿ ಎತ್ತಿ ದೀಪಕ್ಕೆ ಹಿಡಿದಳು. “ನೋಡ್ರಿ, ಬೆಳಕು ಆರಪಾರ ಕಾಣತೈತಿ. ಇದಕ್ಕಿಂತ ಹಗರ ಜಗತ್ತಿನ್ಯಾಗ ಏನೈತಿ?”

ನಾಲ್ಕೂ ತಿಂದು ಹೋದೆ. ಅವತ್ತು ಕುದುರೆ ಭಂಗಿ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಕುದುರೆ ಮೇಲೆ ಕೂತಂತೆ ನಿಲ್ಲಬೇಕು. ನನ್ನ ಬೆನ್ನಿಗೆ ಒಂದು ಕಂಬ ಸಿಕ್ಕಿತು. ತಂಪು ಗಾಳಿ ಬೀಸುತ್ತಿತ್ತು. ನಾನು ಪಂಚಗಂಗೆಯ ದಂಡೆಯ ಮೇಲೆ, ಮಂಜಿನೊಳಗೆ, ಬಿಳಿ ಕುದುರೆ ಏರಿ ಹೊರಟಿದ್ದೆ. ಅದರ ಗೊರಸಿಗೆ ಸಪ್ಪಳವೇ ಇರಲಿಲ್ಲ.

ಇತ್ತ ಐದು ನಿಮಿಷಕ್ಕೆ ಹುಡುಗರೆಲ್ಲ ಕಾಲು ನಡುಗಿ ಕೂತರಂತೆ. ನಾನೊಬ್ಬ ಅಲುಗಾಡದೆ ನಿಂತಿದ್ದೇನೆ. ಮೇಡಂ ನನ್ನನ್ನು ತೋರಿಸಿ, ಕಾಕಾನನ್ನು ನೋಡಿ ಕಲಿಯಿರಿ ಎಂದು ಮರಾಠಿಯಲ್ಲಿ, “ಬಘಾ! ಕಾಕಾಂಕಡೂನ ಶಿಕಾ!” ಎಂದರು. ಆಗಲೇ ನಾನು ಗೊರಕೆ ಹೊಡೆದದ್ದು.

ಎಬ್ಬಿಸಿದ ಮೇಲೆ ಏನಾದರೂ ಹೇಳಬೇಕಲ್ಲ. “ಕುದುರಿ ನಿಂತ ನಿದ್ದಿ ಮಾಡತೈತಲ್ರೀ ಮೇಡಂ” ಎಂದೆ.

೩. ಸುಳಕೂಡದ ಮೋಟರು

ಸುಳಕೂಡದ ಅಕ್ಕನ ಮನೆಗೆ ಹೋಗಿದ್ದೆ. ಒಂದು ದಿನವೂ ಬಿಡಬಾರದೆಂದು ಮೇಡಂ ಹೇಳಿದ್ದರಿಂದ ಬಿಳಿ ಡ್ರೆಸ್ಸು ಜೊತೆಗೇ ಇತ್ತು. ಮುಂಜಾನೆ ಅದನ್ನು ಹಾಕಿಕೊಂಡು ಹೊಲದ ಒಡ್ಡಿನ ಮೇಲೆ ನಿಂತೆ. ಎದುರಿಗೆ ಕಬ್ಬು, ಕಬ್ಬಿನ ಮೇಲೆ ಮಂಜು, ಮಂಜಿನಾಚೆ ಎಲ್ಲೋ ನದಿ. ಮೈ ತೇಲುತ್ತಿರುವಂತೆ ಅನ್ನಿಸಿತು. ನಿಧಾನವಾಗಿ ಕೈ ಚಾಚಿದೆ, ಎಳೆದೆ, ತಿರುಗಿದೆ, ಮತ್ತೆ ಚಾಚಿದೆ. ಕಡೆಗೆ ಎರಡೂ ಕೈ ಮೇಲೆತ್ತಿ ಉಸಿರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ನದಿಯ ಕಡೆಯಿಂದ ಪಕ್ಕದ ಹೊಲದ ರೈತ ಏದುಸಿರು ಬಿಡುತ್ತ ಬಂದ. ನದಿಗೆ ಇಟ್ಟ ಭಾವನ ನೀರಿನ ಮೋಟರನ್ನೂ ಅವನೇ ನೋಡಿಕೊಳ್ಳುತ್ತಿದ್ದ. ದಿನವೂ ಭಾವ ಇದೇ ಒಡ್ಡಿನ ಮೇಲೆ ನಿಂತು ಕೈಸನ್ನೆ ಮಾಡುವುದು, ಅವನು ನೀರು ಬಿಡುವುದು. ಇವತ್ತು ಮಂಜಿನಲ್ಲಿ ಬಿಳಿ ಬಟ್ಟೆಯಷ್ಟೇ ಕಂಡು ನನ್ನನ್ನೇ ಭಾವ ಅಂದುಕೊಂಡಿದ್ದ.

“ಕೈ ಚಾಚಿದ್ರಿ, ಚಾಲೂ ಮಾಡಿದ್ನಿ. ಎಳಕೊಂಡ್ರಿ, ಬಂದ್ ಮಾಡಿದ್ನಿ. ಹದಿನಾರು ಸಲ ಆತ್ರಿ! ಕಡೀಕ ಎರಡೂ ಕೈ ಮ್ಯಾಲೆತ್ತಿದ್ರಿ. ಮೋಟರ್ ಬಂದ್ ಮಾಡ್ಲೋ, ಊರ ಬಿಟ್ಟು ಹೋಗ್ಲೋ ತಿಳೀಲಿಲ್ಲ. ಕೇಳಾಕ ಬಂದೇನಿ.”

೪. ಹಳದಿ ಬೆಲ್ಟಿನ ಪರೀಕ್ಷೆ

ಮಗಳಿಗೆ ಗಡಹಿಂಗ್ಲಜದ ಸಂಬಂಧ ಕೂಡಿಬಂದಿತ್ತು. ಹುಡುಗನ ತಂದೆ ಬೆಲ್ಲದ ವ್ಯಾಪಾರಿ, ಭಾಳ ಗಂಭೀರ ಮನುಷ್ಯ. ಎರಡು ಸಲ ನಮ್ಮ ಮನೆಗೆ ಬಂದಾಗಲೂ ಹೆಗಲ ಮೇಲಿನ ಶಲ್ಯ ಜಾರಿರಲಿಲ್ಲ. ಮುಂದಿನ ವಾರ ನಿಶ್ಚಯ. “ನೀವು ಕರಾಟೆ ಆಡೋದು ಬೀಗರಿಗೆ ಗೊತ್ತಾಗಬಾರದು ನೋಡ್ರಿ. ಹುಡುಗಿ ಅಪ್ಪಗ ತಲಿ ನೆಟ್ಟಗಿಲ್ಲ ಅಂದಾರು” ಎಂದು ಹೆಂಡತಿ ಎಚ್ಚರಿಸಿದ್ದಳು.

ಪರೀಕ್ಷೆ ಕೊಲ್ಹಾಪುರದಲ್ಲಿ. ಹೆಂಡತಿಯೂ ನೋಡಲು ಬಂದಿದ್ದಳು. ದೊಡ್ಡ ಹಾಲು, ಮೇಲಿನ ಕಿಟಕಿಗಳಿಂದ ಹೊಗೆಯಂತೆ ಇಳಿಯುವ ಬಿಸಿಲು. ಕೊನೆಗೆ ಜೋಡಿ ಕಾಳಗ. ವಯಸ್ಸಿಗೆ ತಕ್ಕ ಜೋಡಿ ಹುಡುಕಿ ನನ್ನ ಹೆಸರು ಕೂಗಿದರು. ಬಿಸಿಲಿನೊಳಗಿಂದ ಬಿಳಿ ಬಟ್ಟೆಯವರೊಬ್ಬರು ನಡೆದು ಬಂದರು. ನೋಡುತ್ತೇನೆ, ಬೀಗರು!

ಇಬ್ಬರೂ ಬಗ್ಗಿದೆವು. ಬಗ್ಗಿದಲ್ಲೇ ಮಾತು.

“ಬೀಗರ, ನೀವೂ?”

“ಸಕ್ಕರಿ ಕಾಯಿಲೆರಿ. ಮನ್ಯಾಗ ಬಿಟ್ಟು ಯಾರಿಗೂ ಹೇಳಿಲ್ಲ. ನಿಮ್ಮ ಮುಂದ ಮಾನ ಹೋತು.”

“ನಂದೂ ಅದ ಕತಿರಿ. ಇರ್ಲಿ, ನೀವ ಮೊದಲ ಹೊಡೀರಿ.”

“ಛೇ, ಹೆಣ್ಣಿನ ಕಡ್ಯಾವರಿಗೆ ಕೈ ಎತ್ತೂದ? ನೀವ ಹೊಡೀರಿ.”

“ಗಂಡಿನ ಕಡ್ಯಾವರ ಮ್ಯಾಲೆ ನಾ ಹೆಂಗ ಹೊಡೀಲಿರಿ?”

ಸುತ್ತ ಸುತ್ತಿದೆವು. ಇಬ್ಬರ ಮುಷ್ಟಿಯೂ ಎದೆಯ ಹತ್ತಿರ ಬಂದು ಬಂದು ನಮಸ್ಕಾರವಾಗುತ್ತಿತ್ತು. ಹೊಡೆಯದಿದ್ದರೆ ಇಬ್ಬರೂ ನಪಾಸು ಎಂದು ಪರೀಕ್ಷಕರು ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲ ಅವರ ತಾಳ್ಮೆ ಕೆಟ್ಟಿತು. ನನ್ನ ಕಿವಿಯ ಹತ್ತಿರ ಬಂದು, ಹೊಡೆಯಿರಲ್ಲ ಎಂದು ಮರಾಠಿಯಲ್ಲಿ, “ಅಹೋ, ಮಾರಾ ಕೀ!” ಎಂದು ಗರ್ಜಿಸಿದರು.

ನಾನು ಬೆಚ್ಚಿಬಿದ್ದೆ. ಕೈ ಬೆಚ್ಚಿತು ಅನ್ನುವುದು ಸರಿ. ಮುಷ್ಟಿ ನೆಟ್ಟಗೆ ಬೀಗರ ಹೊಟ್ಟೆಗೆ ಹೋಯಿತು. ಅವರು “ಶಿವಾ!” ಎಂದು ಚಾಪೆಯ ಮೇಲೆ ಕೂತರು. ಹಾಲಿನ ಆ ತುದಿಯಿಂದ ಹೆಂಡತಿಯ ದನಿ ಕೇಳಿತು: “ಅಯ್ಯ ನನ್ನ ಮಗಳ ಸಂಸಾರ!”

ನಾನು ಮೊಣಕಾಲೂರಿ ಅವರ ಎರಡೂ ಕೈ ಹಿಡಿದೆ. “ತಪ್ಪಾತ್ರಿ ಬೀಗರ. ದೊಡ್ಡ ಮನಸ್ಸ ಮಾಡ್ರಿ. ಹುಡುಗೀದು ಏನೂ ತಪ್ಪಿಲ್ಲ.”

ಅವರು ನಿಧಾನವಾಗಿ ಉಸಿರು ತೆಗೆದುಕೊಂಡರು. ಹೊಟ್ಟೆ ಸವರಿಕೊಂಡರು. ನನ್ನನ್ನು ನೋಡಿದರು, ದೂರ ನಿಂತು ಸೆರಗು ಕಚ್ಚಿಕೊಂಡಿದ್ದ ನನ್ನ ಹೆಂಡತಿಯನ್ನೂ ನೋಡಿದರು. ಆಮೇಲೆ ಅದೇ ಗಂಭೀರ ಮುಖದಲ್ಲಿ ಹೇಳಿದರು:

“ಇರ್ಲಿ ಬಿಡ್ರಿ ಬೀಗರ. ಮದುವ್ಯಾಗ ಮುಯ್ಯಿ ತೀರಸ್ತೇನಿ.”