ಡಿಸ್ಕಿನಲ್ಲಿ ಇಲ್ಲದ ದೊಡ್ಡ ಫೈಲು

ದಿನಾ ಊದಿನಕಡ್ಡಿ ಹಚ್ಚಿ, ಕೈ ಮುಗಿದು, ಆಮೇಲೆಯೇ ಕಂಪ್ಯೂಟರ್ ಚಾಲೂ ಮಾಡುವವನು ನಾನು. ಆದರೂ ಇಂಥವು ನನಗೇ ಗಂಟು ಬೀಳುತ್ತವೆ. ದೇವರು ನನ್ನ ತಾಳ್ಮೆ ನೋಡುತ್ತಿದ್ದಾನೆ ಅಂದುಕೊಂಡು ಸುಮ್ಮನಾಗುತ್ತೇನೆ. ರಾಯಬಾಗದ ನಮ್ಮ ಭಜನಾ ಮಂಡಳಿಯ ಹಾಡುಗಳನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಕೂಡಿಡುವುದು ನನ್ನ ಸೇವೆ.

೧. ಹಳದಿ ಚೀಟಿ

ಅಲಖನೂರಿನ ಭಜನಿ ಮಾಸ್ತರರಿಗೆ ಎಂಬತ್ತು ದಾಟಿದೆ. ಅವರು ಬಲ್ಲ ಕೆಲವು ಭಜನಾ ಪದಗಳು ಬೇರೆ ಯಾರಿಗೂ ಬಾರವು. ದನಿಯೂ ದಿನದಿನಕ್ಕೆ ಇಳಿಯುತ್ತಿದೆ. ಸೋಮವಾರ ಬಂದು ರೆಕಾರ್ಡಿಂಗಿಗೆ ಹಾಡುತ್ತೇನೆಂದು ಒಪ್ಪಿದ್ದರು. ಶುಕ್ರವಾರ ಪರದೆಯ ಮೇಲೆ ‘ಜಾಗ ಕಡಿಮೆ ಇದೆ’ ಎಂಬ ಹಳದಿ ಚೀಟಿ ಮೂಡಿತು.

ದೊಡ್ಡ ಫೈಲು ಯಾವುದೆಂದು ಹುಡುಕಿದೆ. ‘ಪ್ರಾಕ್’ ಎಂಬ ಫೋಲ್ಡರಿನಲ್ಲಿ ‘ಕೆಕೋರ್’ ಎಂಬುದೊಂದು ಸಿಕ್ಕಿತು. ಗಾತ್ರ ನೂರಾ ನಲವತ್ತು ಟೆರಾಬೈಟ್. ನಮ್ಮ ಇಡೀ ಡಿಸ್ಕೇ ಅರ್ಧ ಟೆರಾಬೈಟ್!

ಮಂಡಳಿಯ ಅಧ್ಯಕ್ಷರನ್ನು ಕರೆದು ತೋರಿಸಿದೆ. “ಕೊಡದಾಗ ಬಾವಿ ಕುಂತೈತಿ ನೋಡ್ರಿ.”

“ಹೆಂಗರ ಕುಂದರಲಿ, ತಗದ ಒಗೀರಿ.”

ಅಳಿಸಲು ಹೋದೆ. ‘ಅನುಮತಿ ಇಲ್ಲ’ ಎಂದಿತು. ಅಧ್ಯಕ್ಷರು ಕೆರಳಿದರು.

“ಅಧ್ಯಕ್ಷ ನಾ ಇಲ್ಲೇ ನಿಂತೇನಿ. ಇನ್ಯಾರ ಅನುಮತಿ ಬೇಕಂತ ಇದಕ್ಕ?”

೨. ಮಂಡಳಿಯ ರೂಲು

ಹಿಂದೊಮ್ಮೆ ಒಳ್ಳೆಯ ಹಾಡಿನ ಕ್ಯಾಸೆಟ್ ಕಸದ ಪಾಲಾಗಿತ್ತು. ಅಂದಿನಿಂದ ನಮ್ಮಲ್ಲೊಂದು ರೂಲು: ಏನೇ ತೆಗೆಯುವುದಿದ್ದರೂ ಮೊದಲು ಅದರ ಕಾಪಿ ಇಡಬೇಕು.

“ಕಾಪಿ ಇಟ್ಟಿಲ್ಲ, ಅದಕ್ಕ ಬಿಡವಲ್ದು,” ಎಂದರು ಅಧ್ಯಕ್ಷರು.

ಎಲ್ಲ ಬೀಗ ತೆಗೆಯುವ ದೊಡ್ಡ ಪಾಸ್‌ವರ್ಡ್ ಹಾಕಿ, ನಮ್ಮ ಸೀಮೆಯ ದೇವಿ ತಾಯಿ ಮಾಯಕ್ಕನನ್ನು ನೆನೆದು, ಆ ಫೈಲನ್ನು ಅದೇ ಡಿಸ್ಕಿಗೆ ಕಾಪಿ ಮಾಡಲು ಹಚ್ಚಿದೆ. ಭಾನುವಾರ ಪೂಜೆ ಮುಗಿಸಿ ಬಂದು ನೋಡಿದರೆ, ಉಳಿದಿದ್ದ ಇಪ್ಪತ್ತು ಜಿಬಿಯೂ ಖಾಲಿ. ಬಾಕಿ ಜಾಗ ಸೊನ್ನೆ. ನಾನು ತಲೆ ಹಿಡಿದು ಕುಳಿತೆ. ಅಧ್ಯಕ್ಷರು ಬೆನ್ನು ಸವರಿದರು.

“ಒಂದ ಸಮಾಧಾನ ಮಾಡ್ಕೋರಿ. ಜಾಗಾ ಕಡಿಮಿ ಐತಿ ಅಂತ ಇನ್ನ ಹೇಳೂದಿಲ್ಲ ಅದು.”

೩. ಕಿಟಕಿಯೊಳಗಿನ ಗುಡ್ಡ

ಸೋಮವಾರ ಮಾಸ್ತರರು ಮೊಮ್ಮಗಳೊಂದಿಗೆ ಬಂದೇ ಬಿಟ್ಟರು. ಅವಳು ಅಥಣಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಮಾಸ್ತರರು ಏಕತಾರಿ ಶ್ರುತಿ ಮಾಡುತ್ತಿದ್ದರೆ ನಾನು ಅವಳ ಮುಂದೆ ಎಲ್ಲವನ್ನೂ ಹೇಳಿಕೊಂಡೆ.

“ಕಾಕಾ, ಆ ಫೈಲು ಡಿಸ್ಕಿನ್ಯಾಗ ಇಲ್ಲೇ ಇಲ್ರಿ. ಮೆಮರಿ ಒಳಗ ನೋಡಾಕ ಲಿನಕ್ಸ್ ಇಟ್ಟ ಕಿಟಕಿ ಅದು. ಕಿಟಕ್ಯಾಗ ಗುಡ್ಡಾ ಕಾಣತೈತಿ, ಹಂಗಂತ ಮನ್ಯಾಗ ಗುಡ್ಡಾ ಐತೇನ್ರಿ? ಖರೇನ ಜಾಗಾ ತಿಂದದ್ದು ನೀವು ಮಾಡಿದ ಕಾಪಿ.”

“ಮೊದಲಿದ್ದ ಇಪ್ಪತ್ತು ಜಿಬಿ ಸಾಕಾಗತಿತ್ತೇನವಾ?”

“ಅಜ್ಜನ ಪದಾ ಎಲ್ಲಾ ಹಿಡಿದು ಇನ್ನೂ ಉಳೀತಿತ್ರಿ.”

ನಲವತ್ತು ವರ್ಷ ಪ್ರವಚನದಲ್ಲಿ ಮಾಯೆಯ ಬಗ್ಗೆ ಕೇಳಿ ತಲೆದೂಗಿದವನು ನಾನು. ಎದುರಿಗೇ ಬಂದು ಕುಳಿತಾಗ ಗುರುತು ಹಿಡಿಯಲಿಲ್ಲ.

ಅವಳು ಕಾಪಿ ಅಳಿಸಲು ಕೈ ಚಾಚಿದಳು. ಅಧ್ಯಕ್ಷರು ಅಡ್ಡ ಬಂದರು.

“ತಡಿ ತಂಗಿ. ರೂಲ್ ಅಂದ್ರ ರೂಲ್. ಮೊದಲ ಅದರದೊಂದ ಕಾಪಿ ಇಡು.”

೪. ಅಳತೆ

ಮಾಸ್ತರರು ಕೆಮ್ಮಿದರು. “ನನ್ನ ದನಿ ಅಲ್ಲೀತನಕಾ ತಡೀತೈತೇನ್ರಿ?”

ದೇವರೇ ಕ್ಷಮಿಸು ಎಂದು ಕಣ್ಣು ಮುಚ್ಚಿ ನಾನೇ ಅಳಿಸಿಬಿಟ್ಟೆ. ಇಪ್ಪತ್ತು ಜಿಬಿ ಮರಳಿ ಬಂತು. ಮಾಸ್ತರರು ಎರಡು ತಾಸು ಹಾಡಿದರು. ಕೂಡಿದ ಮಂಡಳಿಯವರೆಲ್ಲ ಕಣ್ಣೊರೆಸಿಕೊಂಡೆವು.

ಮುಗಿದ ಮೇಲೆ ಅವರು ಪರದೆಗೆ ಬಾಗಿ ಕೇಳಿದರು, “ನನ್ನ ಹಾಡು ಎಷ್ಟ ದೊಡ್ಡದಾತು?”

“ಒಂದ ಜಿಬಿ, ಮಾಸ್ತರ್ರ.”

“ಆ ಏನೂ ಇಲ್ಲದ್ದು?”

“ಒಂದ ಲಕ್ಷ ನಲವತ್ತ ಸಾವಿರ ಜಿಬಿ.”

ಮಾಸ್ತರರು ಏಕತಾರಿಯನ್ನು ಗವಸಿಗೆ ಹಾಕುತ್ತಾ ಹೇಳಿದರು, “ಇರಲಿ ಬಿಡ್ರಿ, ನಮ್ಮ ಮಂಡಳ್ಯಾಗೂ ಒಂದ ಹಂಗ ಐತಲಾ. ಕಾಣಾಕ ಎಲ್ಲಾರಕಿಂತ ದೊಡ್ಡದು, ಕೆಲಸದಾಗ ಹುಡುಕಿದ್ರ ಇಲ್ಲೇ ಇಲ್ಲ, ತಗೀಬೇಕಂದ್ರ ತಗಿಯಾಕ ಬರೂದಿಲ್ಲ.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಅಧ್ಯಕ್ಷರೇ.